ಕೋಟೆಯ ಇಳಿಜಾರಿನಲ್ಲಿ ಒಂದು ಒಡಪು

ನನ್ನ ಸಂಸಾರದ ಅರ್ಧವನ್ನು ನಾನು ನೋಡಿದ್ದು ನಮ್ಮ ಮನೆಯವರ ಬೆನ್ನಿನ ಮೇಲೆ. ಗುಡ್ಡದ ಹಾದಿಯಲ್ಲಿ ಅವರ ಸೈಕಲ್ಲು ಮುಂದೆ, ನನ್ನದು ಹಿಂದೆ. ಬೆವರಿಗೆ ಅಂಟಿಕೊಂಡ ನೀಲಿ ಅಂಗಿ, ಎಡಕ್ಕೆ ಸ್ವಲ್ಪ ವಾಲಿದ ಭುಜ, ಏರು ಬಂದಾಗ ಬಾಗಿ ಇಳಿಜಾರು ಬಂದಾಗ ಹಿಗ್ಗುವ ಆ ಬೆನ್ನು ನನಗೆ ಎಷ್ಟು ಪರಿಚಯವೆಂದರೆ, ಅವರಿಗೆ ಸಿಟ್ಟು ಬಂದಿದೆಯೋ ಹಸಿವಾಗಿದೆಯೋ ಎಂಬುದನ್ನು ಮುಖ ನೋಡದೆಯೇ ಹೇಳಬಲ್ಲೆ. ಹೆಚ್ಚಿನ ಸಲ ಹಸಿವೇ ಆಗಿರುತ್ತಿತ್ತು.

ನಮ್ಮದು ಬಟ್ಟೆ ಅಂಗಡಿ. ಸೋಮವಾರ ನಮ್ಮೂರ ಪೇಟೆಗೆ ರಜೆ. ಉಳಿದ ಅಂಗಡಿಯವರು ಆ ದಿನ ಉಂಡು ಮಲಗಿ ಏಳುತ್ತಿದ್ದರು. ನಮ್ಮವರಿಗೆ ಮಾತ್ರ ಹಾಳು ಕೋಟೆಗಳ ಹುಚ್ಚು. ಯಾವ ಗುಡ್ಡದ ಮೇಲೆ ಅರ್ಧ ಬುರುಜು ನಿಂತಿದೆ, ಯಾವ ಹೊಲದ ಬದುವಿನಲ್ಲಿ ವೀರಗಲ್ಲು ಒರಗಿದೆ ಎಂದು ವಾರವಿಡೀ ಗಿರಾಕಿಗಳನ್ನು ಕೇಳಿ ತಿಳಿದುಕೊಳ್ಳುವುದು, ಸೋಮವಾರ ಹೋಗಿ ನೋಡಿ ಬರುವುದು. ಅದಕ್ಕೆಂದೇ ದಪ್ಪ ಟೈರಿನ, ಗೇರು ಇರುವ ಸೈಕಲ್ಲೊಂದನ್ನು ತಂದುಕೊಂಡರು. ಗಂಡ ಗುಡ್ಡ ಸುತ್ತುವಾಗ ಮನೆಯಲ್ಲಿ ಕೂತು ರೊಟ್ಟಿ ಬಡಿಯುವ ಪೈಕಿ ನಾನಲ್ಲ. ನನಗೂ ಒಂದು ಬೇಕೆಂದು ಹಟ ಹಿಡಿದೆ. ನಮ್ಮ ಅತ್ತೆ ಗಲ್ಲಕ್ಕೆ ಕೈ ಹಚ್ಚಿ ಕೂತರು.

"ಅಯ್ಯ ಶಿವನ! ಸೊಸಿ ಚೂಡಿದಾರ ಹಾಕ್ಕೊಂಡು ಗುಡ್ಡಾ ಹತ್ತತಾಳಂತ. ಮಂದಿ ಏನಂದಾರು?"

ಮಂದಿ ಏನೂ ಅನ್ನಲಿಲ್ಲ. ಅಂದಿದ್ದರೂ ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಸ್ವಲ್ಪ ದಿನ ಹೋದ ಮೇಲೆ ಅತ್ತೆಯೇ ಸೋಮವಾರ ಬೆಳಗ್ಗೆ ಎದ್ದು ಇಬ್ಬರಿಗೂ ಬುತ್ತಿ ಕಟ್ಟಿಕೊಡತೊಡಗಿದರು.

ಇಲ್ಲಿ ಒಂದು ಸಂಗತಿ ಹೇಳಿಬಿಡಬೇಕು. ನಮ್ಮ ಕಡೆ ಹೆಂಡತಿ ಗಂಡನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಕರೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ನನ್ನನ್ನು ಹೆದರಿಸಿ ಬೆಳೆಸಿದ್ದಳು. ನಾನು ನಾಲ್ಕಕ್ಷರ ಕಲಿತವಳು, ಇದನ್ನೆಲ್ಲ ನಂಬುವವಳಲ್ಲ. ಆದರೆ ನಾಲಿಗೆ ನನ್ನ ಮಾತು ಕೇಳಬೇಕಲ್ಲ! ಆಸ್ಪತ್ರೆಯಲ್ಲೋ ಬ್ಯಾಂಕಿನಲ್ಲೋ "ಗಂಡನ ಹೆಸರು?" ಎಂದು ಕೇಳಿದರೆ ಪಕ್ಕದಲ್ಲಿದ್ದ ಮಗಳನ್ನು ತಿವಿಯುತ್ತಿದ್ದೆ. ಅವಳು ಹೇಳುತ್ತಿದ್ದಳು. ನಮಗೆ ಹೆಸರು ಹೇಳಲು ಇರುವ ದಾರಿ ಒಂದೇ, ಒಡಪು. ಮದುವೆಯಾಗಿ ಬಂದ ದಿನ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎನ್ನುತ್ತಾರೆ. ಆಗ ಪ್ರಾಸ ಕೂಡಿಸಿದ ಎರಡು ಸಾಲಿನೊಳಗೆ ಆ ಹೆಸರನ್ನು ಸೇರಿಸಿ ಹೇಳಿ ಒಳಗೆ ನುಗ್ಗಬೇಕು. ಹಾಡಿನೊಳಗೆ ಬಂದ ಹೆಸರಿಗೆ ದೋಷವಿಲ್ಲ. ಉಳಿದ ದಿನಗಳಿಗೆಲ್ಲ "ರೀ" ಸಾಕು. ಅವರಾದರೂ ನನ್ನನ್ನು ಎಂದೂ ಹೆಸರು ಹಿಡಿದು ಕರೆದವರಲ್ಲ. "ಏ", "ಕೇಳಿಲ್ಲೆ", ಮಂದಿಯ ಮುಂದೆ "ನಮ್ಮಾಕಿ". ಅದರಲ್ಲೇ ನಮ್ಮ ಬಾಳುವೆ ಚೆನ್ನಾಗಿ ನಡೆದಿತ್ತು.

ಆ ಸೋಮವಾರ ನಾವು ಹೋದದ್ದು ಊರಿನಿಂದ ಸಾಕಷ್ಟು ದೂರದ ಒಂದು ಕೋಟೆಗೆ. ಸುಗ್ಗಿ ಮುಗಿದ ಹೊತ್ತು. ಕರಿಮಣ್ಣಿನ ಹೊಲಗಳು ಖಾಲಿಯಾಗಿ ಬಿದ್ದಿದ್ದವು. ದಾರಿಯಲ್ಲಿ ಒಂದು ಬೇವಿನ ಮರದ ಬುಡಕ್ಕೆ ಮೂರು ವೀರಗಲ್ಲುಗಳು ಸಿಕ್ಕವು. ನಮ್ಮವರು ಇಳಿದು ಒಂದೊಂದನ್ನೂ ಅಂಗೈಯಿಂದ ಒರೆಸಿ, ಕುದುರೆಯ ಮೇಲಿದ್ದ ವೀರನ ಮೀಸೆಯನ್ನು ನನಗೆ ತೋರಿಸಿದರು.

"ನೋಡು, ಎಷ್ಟ ವರ್ಷ ಆದ್ರೂ ಮೀಸಿ ಹಂಗ ಐತಿ."

"ನಿಮ್ಮದಕ್ಕಿಂತ ಛಲೋ ಐತಿ ಬಿಡ್ರಿ," ಎಂದೆ. ಅವರು ನಕ್ಕು ಸೈಕಲ್ಲು ಹತ್ತಿದರು. ಅಲ್ಲಿಂದ ಮುಂದೆ ಬರೀ ಏರು. ನಾನು ಸಣ್ಣ ಗೇರಿಗೆ ಹಾಕಿ, ಉಸಿರು ಬಿಗಿಹಿಡಿದು, ಎದುರಿನ ನೀಲಿ ಅಂಗಿಯನ್ನೇ ನೋಡುತ್ತ ತುಳಿದೆ. ಕೋಟೆಯ ಮುಂಬದಿಯ ಅಗಸೆ ಬಾಗಿಲು ದಾಟಿ ಒಳಗಿನ ನೆರಳಿಗೆ ಬಂದಾಗ ತಂಪು ಗಾಳಿ ಬೀಸಿತು. ನನಗೆ ಆಗ ಆದ ಸುಖ ಯಾವ ಜರತಾರಿ ಸೀರೆ ಉಟ್ಟಾಗಲೂ ಆಗಿದ್ದಿಲ್ಲ.

ಒಳಗೆ ಒಂದು ಮೆಟ್ಟಿಲು ಹೊಂಡ. ಅದರ ಮೆಟ್ಟಿಲುಗಳ ಮೇಲೆ, ಬೇರೆ ಊರಿನಿಂದ ಬಂದಿದ್ದ ನಾಲ್ಕಾರು ಸಂಸಾರಗಳು ಊಟಕ್ಕೆ ಕೂತಿದ್ದವು. ನಾವೂ ಸ್ವಲ್ಪ ದೂರದಲ್ಲಿ ಬುತ್ತಿ ಬಿಚ್ಚಿದೆವು. ಆ ಹೆಂಗಸರದು ಒಂದೇ ಸಮನೆ ಕೂಗು. "ರೀ, ಉಪ್ಪಿನಕಾಯಿ ಎಲ್ಲಿಟ್ರಿ?" "ರೀ, ಹುಡುಗನ್ನ ಹಿಡೀರಿ." "ರೀ, ನೀರು." ಒಂದೊಂದು "ರೀ"ಗೂ ನಮ್ಮವರು ತುತ್ತು ಬಿಟ್ಟು ನನ್ನ ಕಡೆ ನೋಡುವರು.

"ನಾ ಅಲ್ರಿ," ಎನ್ನುವೆ ನಾನು.

ಹೀಗೆಯೇ ಎಷ್ಟೋ ಸಲ ಆದ ಮೇಲೆ ಅವರಿಗೆ ರೇಗಿತು. "ಇವತ್ತ ಇಲ್ಲಿ ಯಾರ ರೀ ಅಂದ್ರೂ ನಾ ತಿರುಗಿ ನೋಡೂದಿಲ್ಲ ನೋಡು," ಎಂದು ಕೈ ತೊಳೆದುಕೊಂಡರು. "ನಾ ಹಿಂದಿನ ದಿಡ್ಡಿ ಬಾಗಲದಿಂದ ಇಳೀತೀನಿ. ಹ್ವಾದ ಸಲ ಬಂದಾಗ ನೋಡೀನಿ, ಇಳಿಜಾರು ಭಾಳ ಮಜಾ ಐತಿ. ನೀ ಬುತ್ತಿ ಕಟ್ಕೊಂಡು ಸಾವಕಾಶ ಬಾ," ಎಂದವರೇ ಸೈಕಲ್ಲು ಹತ್ತಿ ಹೊರಟರು.

ದಿಡ್ಡಿ ಎಂದರೆ ಕೋಟೆಯ ಹಿಂಬದಿಯ ಸಣ್ಣ ಬಾಗಿಲು. ಅಲ್ಲಿಗೆ ಹೋಗುವ ಹಾದಿ ಹೊಂಡದ ಬದಿಯಿಂದ ಹಾವಿನಂತೆ ಸುತ್ತಿ ಸುತ್ತಿ ಇಳಿಯುತ್ತದೆ. ಮೊದಲ ಸುತ್ತುಗಳಲ್ಲಿ ಉರುಟು ಕಲ್ಲು, ಆಮೇಲೆ ಬಾಗಿಲಿನವರೆಗೂ ನೆಟ್ಟಗಿನ ಇಳಿಜಾರು. ನಾನು ಬುತ್ತಿಯ ಗಂಟು ಕಟ್ಟಿ ಸೈಕಲ್ಲಿಗೆ ಬಿಗಿಯುತ್ತಿದ್ದೆ. ಅಷ್ಟರಲ್ಲಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಒಬ್ಬ ಹೆಂಗಸು ಅಗಸೆಯ ಕಡೆಯಿಂದ ಮೇಲೆ ಬಂದಳು. ಕೆಳಗಿನ ಊರಿನವಳು, ದ್ಯಾಮವ್ವ ಎಂದು ಆಮೇಲೆ ತಿಳಿಯಿತು. ಅವಳು ಹೊರೆ ಇಳಿಸಿ ಕೆಳಗೆ ನೋಡಿ ಕೇಳಿದಳು.

"ಯವ್ವಾ, ಅವರು ನಿಮ್ಮವರೇನ್ರಿ? ದಿಡ್ಡಿ ಕಡೆ ಯಾಕ ಹೊಂಟಾರ?"

"ಹೌದವ್ವ. ಅಲ್ಲಿಂದ ಇಳೀತಾರಂತ."

"ಎಲ್ಲಿಂದ ಇಳೀತಾರ್ರಿ? ಬಾಗಲದ ಹೊರಗ ಕಂದಕದ ಮ್ಯಾಲಿನ ಹಾಸಗಲ್ಲು ಈ ವರ್ಷದ ಮಳಿಗೆ ಪೂರಾ ಬಿದ್ದು ಹೋಗ್ಯಾವ. ಬಾಗಲಾ ದಾಟಿದ್ರ ಪಾತಾಳ ಐತ್ರಿ! ಹತ್ರ ಹೋಗೂತನಕಾ ಕಾಣಸೂದೂ ಇಲ್ಲ."

ಬುತ್ತಿಯ ಗಂಟು ಬಿಟ್ಟು ಕೆಳಗೆ ನೋಡಿದೆ. ಕೆಳಗೆ ಆ ಬೆನ್ನು ಉರುಟು ಕಲ್ಲಿನ ಸುತ್ತಿನಲ್ಲಿ ಮೆಲ್ಲಗೆ ಇಳಿಯುತ್ತಿತ್ತು. ಇನ್ನೊಂದು ತಿರುವು ದಾಟಿದರೆ ನೆಟ್ಟಗಿನ ಇಳಿಜಾರು; ಅಲ್ಲಿ ಅವರು ಬ್ರೇಕು ಹಿಡಿಯುವವರೇ ಅಲ್ಲ.

"ರೀ!" ಎಂದು ಕೂಗಿದೆ. "ರೀ! ನಿಲ್ಲರೀ!"

ಹೊಂಡದ ಕಡೆ ಕೂತಿದ್ದ ಗಂಡಸರೆಲ್ಲ ಒಟ್ಟಿಗೆ ನನ್ನತ್ತ ತಿರುಗಿದರು. ತಿರುಗದವರು ಅವರೊಬ್ಬರೇ. ಆ ಗಾಳಿಯಲ್ಲಿ ನನ್ನ ದನಿಯೂ ಉಳಿದ ಹೆಂಗಸರದಂತೆಯೇ ಕೇಳಿರಬೇಕು; ಆಣೆ ಮಾಡಿದವರ ಹಾಗೆ ಮುಂದೆಯೇ ಹೋಗುತ್ತಿದ್ದರು.

"ಹೆಸರ ಹಿಡದ ಕರೀರಿ ಅವ್ವಾರ!" ಎಂದಳು ದ್ಯಾಮವ್ವ.

ಬಾಯಿ ತೆರೆದೆ. ಗಂಟಲಿನಿಂದ ಗಾಳಿ ಬಂತು, ಹೆಸರು ಬರಲಿಲ್ಲ. ದೇವರಾಣೆಗೂ ಬರಲಿಲ್ಲ. ಎದೆಯೊಳಗೆ ಆ ಹೆಸರು ಕುಣಿಯುತ್ತಿತ್ತು, ತುಟಿಗೆ ಬಂದು ನಿಂತುಬಿಡುತ್ತಿತ್ತು.

"ನಿಮಗ ಆಗದಿದ್ರ ಬಿಡ್ರಿ, ನನಗ ಹೇಳ್ರಿ. ನನಗೇನ ಅಡ್ಡಿ, ನಾ ಕರೀತೀನಿ! ಹೆಸರೇನ್ರಿ ಅವರ್ದು?"

ಅವಳಿಗೆ ಹೇಳಬೇಕಾದರೂ ನಾನೇ ಹೇಳಬೇಕಲ್ಲ! ನಾನು ಅವಳ ತೋಳು ಹಿಡಿದು ಮೂಗಿಯ ಹಾಗೆ ನಿಂತೆ. ಅವರು ತಿರುವು ದಾಟಿದರು. ಬೆನ್ನು ಹಿಗ್ಗಿತು. ಇನ್ನು ಪೆಡಲು ತುಳಿಯುವುದು ಬಿಟ್ಟು ಸೈಕಲ್ಲನ್ನು ಅದರ ಪಾಡಿಗೆ ಬಿಡುತ್ತಾರೆ ಎಂದು ನನಗೆ ಗೊತ್ತಿತ್ತು. ಇವರು ಹೋದರೆ ನಾನು ಬದುಕುವುದಿಲ್ಲ ಎಂಬುದೂ ಆಗಲೇ ಗೊತ್ತಾಯಿತು. ಅಷ್ಟು ವರ್ಷ ಒಟ್ಟಿಗಿದ್ದೂ ಹಾಗೆಂದು ಯೋಚಿಸಿರಲಿಲ್ಲ.

ಹೆಸರೊಂದೇ ಬರದ ನಾಲಿಗೆಗೆ ಒಡಪು ಮಾತ್ರ ಬಂತು. ಹೊಸ್ತಿಲಲ್ಲಿ ಹೇಳಿದ್ದೇ. ಮೊದಲ ಸಾಲು ಹೇಳದೆ ಎರಡನೆಯದಕ್ಕೆ ಹೋಗುವ ಹಾಗಿಲ್ಲ, ಹೆಸರಿರುವುದು ಎರಡನೆಯದರಲ್ಲಿ. ಎರಡೂ ಕೈ ಬಾಯಿಗೆ ಹಿಡಿದು, ಇದ್ದಷ್ಟು ಉಸಿರು ಕೂಡಿಸಿ ಒದರಿದೆ.

"ಕರೀ ಕಲ್ಲಿನ ಕೋಟಿಗೆ ಬಿಳೀ ಸುಣ್ಣದ ಗ್ವಾಡಿ...
ಅಂದಾನಪ್ಪನವರೂ ನಾನೂ ಎರಡೆತ್ತಿನ ಜ್ವಾಡೀ!"

ಕೋಟೆಯ ಗೋಡೆಗಳು ಅದನ್ನು ಹಿಡಿದು ತಿರುಗಿ ಹೇಳಿದವು. ಅಂದಾನಪ್ಪನವರೂ, ಅಂದಾನಪ್ಪನವರೂ.

ಬ್ರೇಕು ಕಿರ್ರೆಂದಿತು. ಹಿಂದಿನ ಚಕ್ರ ಜಾರಿ ಅಡ್ಡಕ್ಕೆ ಹೊರಳಿತು, ಧೂಳು ಎದ್ದಿತು. ಧೂಳು ಕರಗಿದಾಗ ಅವರು ದಿಡ್ಡಿ ಬಾಗಿಲಿನ ಚೌಕಟ್ಟಿಗೆ ಒಂದು ಕೈ ಊರಿ, ಒಂದು ಕಾಲು ನೆಲಕ್ಕೆ ಕೊಟ್ಟು ನಿಂತಿದ್ದರು. ಹೊಂಡದ ಹೆಂಗಸರು ಏನಾಯಿತೆಂದು ತಿಳಿಯದೆ ಚಪ್ಪಾಳೆ ತಟ್ಟಿ ನಕ್ಕರು. "ಇನ್ನೊಂದ್ಸಲ ಹೇಳ್ರೀ!" ಎಂದು ಒಬ್ಬಳು ಕೂಗಿದಳು.

ನಾನು ಚಪ್ಪಲಿ ಕಳಚಿ ಬಿದ್ದದ್ದನ್ನೂ ನೋಡದೆ ಓಡಿದೆ. ಹತ್ತಿರ ಹೋದಾಗ ಅವರು ಇನ್ನೂ ನನ್ನ ಕಡೆಯೇ ತಿರುಗಿದ್ದರು.

"ಹುಚ್ಚ ಹಿಡದೈತೇನ ನಿನಗ? ಒಡಪು ಹೇಳಾಕ ಇದ ಹೊತ್ತು ಸಿಕ್ತೇನ?" ಎಂದರು.

ನಾನು ಬಾಗಿಲಿನಾಚೆ ಬೆರಳು ತೋರಿಸಿದೆ. ಅವರು ತಿರುಗಿ ನೋಡಿದರು. ಬಾಗಿಲಿನ ಕಲ್ಲಿನ ಹೊಸ್ತಿಲು ಮುಗಿದಲ್ಲಿಗೆ ನೆಲವೂ ಮುಗಿದಿತ್ತು. ಬಹಳ ಕೆಳಗೆ ಬಿದ್ದ ಹಾಸುಗಲ್ಲುಗಳ ಸಂದಿಯಲ್ಲಿ ಹಸಿರು ಗಿಡ ಬೆಳೆದಿದ್ದವು. ಅವರು ಸೈಕಲ್ಲನ್ನು ಹಿಂದಕ್ಕೆ ಎಳೆದುಕೊಂಡು ಗೋಡೆಗೆ ಒರಗಿ ಕೂತುಬಿಟ್ಟರು. ನಾನು ಅವರ ಭುಜಕ್ಕೆ ಎರಡು ಗುದ್ದಿ, ಅದೇ ಭುಜದ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತೆ. ಯಾರು ನೋಡಿದರೆ ನನಗೇನು!

ದ್ಯಾಮವ್ವ ನನ್ನ ಚಪ್ಪಲಿ ಹಿಡಿದುಕೊಂಡು ಇಳಿದು ಬಂದಳು. ಇಬ್ಬರಿಗೂ ನೀರು ಕುಡಿಸಿದಳು.

"ಇಷ್ಟು ಛಲೋ ಹೆಸರ ಐತಿ. ಹೇಳಾಕ ಎಷ್ಟ ತ್ರಾಸ ಪಟ್ರಿ ಅವ್ವಾರ," ಎಂದಳು.

"ಹಂಗಾರ ನಿಮ್ಮ ಮನಿಯವರ ಹೆಸರೇನ ಹೇಳವ್ವ ನೋಡೂಣು," ಎಂದೆ ನಾನು.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯ, ಬ್ಯಾಡ್ರಿ!" ಎಂದವಳು ನಗುತ್ತ ಹುಲ್ಲಿನ ಹೊರೆಯ ಕಡೆ ನಡೆದಳು. ಅಲ್ಲಿಯವರೆಗೆ ಬಿಳಿಚಿಕೊಂಡಿದ್ದ ನಮ್ಮವರಿಗೂ ನಗು ಬಂತು.

ಬಂದ ದಾರಿಯಲ್ಲೇ ಅಗಸೆಯಿಂದ ಇಳಿದೆವು. ಸೈಕಲ್ಲು ಹತ್ತುವ ಮನಸ್ಸು ಇಬ್ಬರಿಗೂ ಇರಲಿಲ್ಲ. ತಳ್ಳಿಕೊಂಡು ಅಕ್ಕಪಕ್ಕದಲ್ಲೇ ನಡೆದೆವು. ಹೊತ್ತು ಇಳಿಯುತ್ತಿತ್ತು, ಹೊಲಗಳ ಮೇಲೆ ಬೆಳ್ಳಕ್ಕಿಗಳು ಸಾಲಾಗಿ ಹೊರಟಿದ್ದವು.

"ಹೆಸರ ಹೇಳಿದ್ರ ಆಯುಷ್ಯ ಕಡಿಮಿ ಆಗತೈತಿ ಅಂತಿದ್ದಿ," ಎಂದರು ಅವರು. "ಇನ್ನ ಮ್ಯಾಲೆ ದಿನಾ ಹೇಳು. ಎಷ್ಟ ಉಳೀತೈತೋ ನೋಡೂಣು."

"ಅಂ..." ಎಂದೆ. ಅಲ್ಲಿಗೇ ನಿಂತಿತು. "ಆಗೂದಿಲ್ಲ ಬಿಡ್ರಿ. ನನ್ನ ಕಡೆಯಿಂದ ಆಗೂದಿಲ್ಲ."

ಅವರು ನಗುತ್ತಾರೆಂದುಕೊಂಡೆ. ನಗಲಿಲ್ಲ. ವೀರಗಲ್ಲುಗಳ ಹತ್ತಿರ ಬಂದಾಗ, "ಮುಂದ ನೀ ಹೋಗಿದ್ದಿದ್ರ ನಾ ಏನಂತ ಒದರತಿದ್ದೆ?" ಎಂದರು. ನನ್ನನ್ನು ಕೇಳಿದ ಹಾಗಿರಲಿಲ್ಲ. ಏ ಎಂದಿದ್ದರೆ, ಕೇಳಿಲ್ಲೆ ಎಂದಿದ್ದರೆ ಆ ಗಾಳಿಯಲ್ಲಿ ನಾನು ತಿರುಗುತ್ತಿದ್ದೆನೋ ಇಲ್ಲವೋ.

ಹಳ್ಳದ ತಿರುವಿಗೆ ಬಂದಾಗ ಅವರು ಗಂಟಲು ಸರಿ ಮಾಡಿಕೊಂಡರು. ನನ್ನ ಹೆಸರು ಹಿಡಿದು ಕರೆದರು. ನನ್ನ ತವರಿನವರು ಬಿಟ್ಟು ಯಾರೂ ಕರೆಯದ ಹೆಸರು. ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಾನಿದ್ದೆ, ಅಷ್ಟು ಜೋರಾಗಿ ಕರೆಯುವ ಅಗತ್ಯವೇ ಇರಲಿಲ್ಲ.

"ಓ," ಎಂದೆ. "ಏನ್ರಿ?"

"ಏನಿಲ್ಲ. ಬರತೈತೋ ಇಲ್ಲೋ ನೋಡಿದೆ."

ಅವರ ಕಿವಿ ಕೆಂಪಾಗಿತ್ತು. ಹ್ಯಾಂಡಲ್ಲು ಗಟ್ಟಿಯಾಗಿ ಹಿಡಿದು ಎದುರಿನ ದಾರಿಯನ್ನೇ ನೋಡುತ್ತ ನಡೆದರು. ಸ್ವಲ್ಪ ಮುಂದೆ ಹೋದ ಮೇಲೆ ಇನ್ನೊಮ್ಮೆ ಕರೆದರು, ಈ ಸಲ ಮೆಲ್ಲಗೆ. ಏನೆಂದು ನಾನು ಕೇಳಲಿಲ್ಲ. ಓ ಎಂದೆ, ಅಷ್ಟೇ.