ಬಾಲ್ತಜಾರನನ್ನು ಫೋಟೋದಿಂದ ತೆಗೆದದ್ದು

ನಮ್ಮ ಊರಿನ ಬ್ಯಾಂಡಿನಲ್ಲಿ ದೊಡ್ಡ ಡೋಲು ಬಾರಿಸುತ್ತಿದ್ದ ಬಾಲ್ತಜಾರ್ ನೋಡುವುದಕ್ಕೂ ಡೋಲಿನ ಹಾಗೇ ಇದ್ದ. ಅಗಲವಾದ ಎದೆ, ಅದಕ್ಕಿಂತ ಅಗಲವಾದ ಹೊಟ್ಟೆ, ನಕ್ಕರೆ ಎದುರುಮನೆಯ ಕಿಟಕಿ ಅದುರಬೇಕು. ಆ ವರ್ಷ ಈಸ್ಟರ್ ಮೆರವಣಿಗೆಯಲ್ಲಿ ಅವನಿಗೆ ಏನಾಯಿತೋ, ಬಡಿತವನ್ನು ಒಂದೇ ಸಮ ಓಡಿಸಿದ. ಮೂರ್ತಿ ಹೊತ್ತವರು ಅರ್ಧ ನಡೆದರು, ಅರ್ಧ ಓಡಿದರು. ಪಾದ್ರಿಗಳು ನಿಲುವಂಗಿ ಎತ್ತಿಕೊಂಡು ಏದುಸಿರು ಬಿಟ್ಟರು. ಇಗರ್ಜಿಯ ಬಾಗಿಲಲ್ಲಿ, ಎಲ್ಲರ ಎದುರಿಗೇ, ಬ್ಯಾಂಡ್ ಮೇಷ್ಟ್ರು ಅನಕ್ಲೇತೊ ಬಾಯಿ ಬಿಟ್ಟರು.

"ಬಾಲ್ತಜಾರ್, ಅದು ಮೆರವಣಿಗೆ ಕಣಯ್ಯ, ಕುದುರೆ ಜೂಜಲ್ಲ. ಊಟದ ವಾಸನೆ ಬಂತೇನು?"

"ನಿಮ್ಮ ಕೈ ನೋಡ್ಕೊಂಡು ಬಡಿದಿದ್ರೆ ನಾವಿನ್ನೂ ಸೇತುವೆ ಹತ್ರಾನೇ ಇರ್ತಿದ್ವಿ ಮೇಷ್ಟ್ರೇ," ಅಂದ ಬಾಲ್ತಜಾರ್.

ಎಲ್ಲರೂ ನಕ್ಕರು, ಮೇಷ್ಟ್ರು ಮಾತ್ರ ನಗಲಿಲ್ಲ. ಮಾತಿಗೆ ಮಾತು ಬೆಳೆಯಿತು. ಸಂಜೆಯೊಳಗೆ ಬಾಲ್ತಜಾರ್ ಡೋಲನ್ನು ಬ್ಯಾಂಡ್ ಮನೆಯಲ್ಲಿ ಇಳಿಸಿ, ಸೇತುವೆ ದಾಟಿ, ಆಚೆ ದಡದ ಸೊಬ್ರೆಯಿರಿನ್ಯೊ ಊರಿನ ಬ್ಯಾಂಡು ಸೇರಿಕೊಂಡಿದ್ದ. ನಮ್ಮಲ್ಲಿ ಹೆಂಡತಿ ಬಿಟ್ಟವನನ್ನಾದರೂ ಕ್ಷಮಿಸುತ್ತಾರೆ, ಬ್ಯಾಂಡು ಬಿಟ್ಟು ಆ ಸೇತುವೆ ದಾಟಿದವನನ್ನು ಕ್ಷಮಿಸುವುದಿಲ್ಲ.

ನಾನು ನಮ್ಮೂರ ಬ್ಯಾಂಡಿನಲ್ಲಿ ಟ್ರೊಂಬೋನ್ ಊದುತ್ತೇನೆ. ನನ್ನ ಹೆಂಡತಿ ಗ್ರಾಸಿಂಡಾಳದು ಊರಿಗೆಲ್ಲ ಒಂದೇ ಫೋಟೋ ಅಂಗಡಿ. ಮದುವೆ, ನಾಮಕರಣ, ಪಾಸ್‌ಪೋರ್ಟು, ಗೋರಿಗೆ ಹಚ್ಚುವ ಪಟ, ಎಲ್ಲವೂ ಅವಳ ಕೈಯಿಂದಲೇ ಆಗಬೇಕು. ಆಗಸ್ಟಿನಲ್ಲಿ ನಮ್ಮೂರ ಸಂತ ಮಮೇದೆಯ ಹಬ್ಬ ಹತ್ತಿರ ಬಂದಾಗ ಮೇಷ್ಟ್ರು ಅವಳ ಅಂಗಡಿಗೆ ಬಂದರು. ನಾನೂ ಅಲ್ಲೇ ಇದ್ದೆ. ಈಸ್ಟರಿಗೆ ಮುಂಚೆ ಇಗರ್ಜಿಯ ಮೆಟ್ಟಿಲ ಮೇಲೆ, ಹೊಸ ನೀಲಿ ಸಮವಸ್ತ್ರದಲ್ಲಿ ನಮ್ಮೆಲ್ಲರ ಫೋಟೋ ತೆಗೆದಿದ್ದಳು. ಹಬ್ಬದ ಪೋಸ್ಟರಿಗೆ ಅದೇ ಆಗಬೇಕು.

"ಇವನನ್ನ ತೆಗೆದುಬಿಡಮ್ಮ ಗ್ರಾಸಿಂಡಾ."

"ಯಾರನ್ನ ಮೇಷ್ಟ್ರೇ?" ಗೊತ್ತಿದ್ದೂ ಕೇಳಿದಳು.

"ಹೆಸರು ನನ್ನ ಬಾಯಲ್ಲಿ ಬರಲ್ಲ. ನಡುಮಧ್ಯ ಬೆಟ್ಟದ ಹಾಗೆ ನಿಂತಿದಾನಲ್ಲ, ಅವನು."

"ತುದೀಲಿ ನಿಂತೋರನ್ನಾದ್ರೆ ಕ್ಷಣದಲ್ಲಿ ತೆಗೀಬಹುದು. ಇವನು ಹೋದ್ರೆ ಅರ್ಧ ಇಗರ್ಜಿ ನಾನೇ ಕಟ್ಟಬೇಕಾಗುತ್ತೆ. ಹೊಸದಾಗೇ ಒಂದು ತೆಗೆಯೋಣ."

"ಎಲ್ಲಿಂದ ತೆಗೀತೀಯ? ನಾಲ್ಕು ಜನ ಫ್ರಾನ್ಸಿಗೆ ಕೆಲಸಕ್ಕೆ ಹೋಗಿದಾರೆ, ಹಬ್ಬದ ದಿನವೇ ಬರೋದು. ಅಲ್ದೆ, ಎಲ್ಲರೂ ಕಣ್ಣು ಬಿಟ್ಟಿರೋ ಫೋಟೋ ಅಂತ ಇರೋದು ಇದೊಂದೇ."

ಗ್ರಾಸಿಂಡಾ ನಿಟ್ಟುಸಿರುಬಿಟ್ಟು ಕಂಪ್ಯೂಟರಿನ ಮುಂದೆ ಕೂತಳು. ಬಾಲ್ತಜಾರನ ಸುತ್ತ ನಿಧಾನವಾಗಿ ಒಂದು ಗೆರೆ ಎಳೆದಳು. ಅವನ ಹೊಟ್ಟೆಯನ್ನು ಸುತ್ತಿ ಬರುವಾಗ ಮೌಸು ಮೇಜಿನ ಅಂಚು ದಾಟಿ ಬೀಳುವುದರಲ್ಲಿತ್ತು. ಒಂದು ಗುಂಡಿ ಒತ್ತಿದಳು. ಬಾಲ್ತಜಾರ್ ಮಾಯವಾದ. ಅವನ ಜಾಗದಲ್ಲಿ ಕಂಪ್ಯೂಟರು ತನಗೆ ತೋಚಿದ ಹಾಗೆ ಒಂದಷ್ಟು ಮೆಟ್ಟಿಲು ಹಾಕಿ, ಅದರ ಮೇಲೆ ಪೊದೆಯೋ ಕುರಿಯೋ ಹೇಳಲಾಗದಂಥದ್ದೊಂದನ್ನು ಕೂರಿಸಿತ್ತು.

"ಅಯ್ಯೋ, ಡೋಲೂ ಹೋಯ್ತಲ್ಲ!" ಮೇಷ್ಟ್ರು ಕೂಗಿಕೊಂಡರು. "ಡೋಲು ಬೇಕು. ಬ್ಯಾಂಡಿನ ಹೆಸರು ಬರೆದಿರೋದೇ ಅದರ ಮೇಲೆ."

ಅವಳು ಡೋಲನ್ನು ವಾಪಸು ತಂದಳು. ಅದು ಯಾರ ಹಂಗೂ ಇಲ್ಲದೆ ಗಾಳಿಯಲ್ಲಿ ನಿಂತಿತು.

"ಸಂತ ಮಮೇದೆಯ ಪವಾಡ ಅಂತ ಕೆಳಗೆ ಬರೆದುಬಿಡೋಣ," ಅಂದೆ. ಇಬ್ಬರೂ ನನ್ನನ್ನು ಗುರಾಯಿಸಿದರು.

ಗ್ರಾಸಿಂಡಾ ಮೊದಲಿನ ಚಿತ್ರಕ್ಕೆ ಹೋಗಿ ಅದನ್ನು ದೊಡ್ಡದು ಮಾಡಿದಳು. ಬಾಲ್ತಜಾರನ ಭುಜದ ಪಕ್ಕದಲ್ಲಿ ಒಂದು ಟೋಪಿಯ ಅಂಚು, ಅದರ ಕೆಳಗೆ ಒಂದು ಕಿವಿ.

"ಇದ್ಯಾರ ಕಿವಿ?"

ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಸಾಲು ಸಾಲಾಗಿ ಹೆಸರು ಹೇಳಿಕೊಳ್ಳುತ್ತ ಹೋಗಿ ಆ ಕಿವಿಯ ಹತ್ತಿರ ನಿಂತುಬಿಟ್ಟರು. ಕೊನೆಗೆ ನನಗೇ ಹೊಳೆಯಿತು. "ಸೆಫೆರಿನೊ ಅಲ್ವಾ? ಕ್ಲಾರಿನೆಟ್ಟು. ಮೇಕೆ ಹಾಲಿನ ಗಿಣ್ಣು ಮಾರ್ತಾನಲ್ಲ, ಅವನು." ಬ್ಯಾಂಡು ನಡೆಯುವಾಗ ಅವನ ಜಾಗ ಬಾಲ್ತಜಾರನ ಹಿಂದೆ. ಫೋಟೋಗೆ ನಿಂತಾಗಲೂ ಅಭ್ಯಾಸಬಲದಿಂದ ಅಲ್ಲೇ ನಿಲ್ಲುತ್ತಿದ್ದ. ಗ್ರಾಸಿಂಡಾ ಹಿಂದಿನ ವರ್ಷಗಳ ಫೋಟೋಗಳನ್ನು ತೆಗೆದಳು. ಒಂದರಲ್ಲಿ ಅದೇ ಕಿವಿ. ಇನ್ನೊಂದರಲ್ಲಿ ಬರೀ ಟೋಪಿ. ಮತ್ತೊಂದರಲ್ಲಿ ಕ್ಲಾರಿನೆಟ್ಟಿನ ತುದಿಯಷ್ಟೇ.

ಅವಳ ಮುಖ ಸಣ್ಣದಾಯಿತು. "ಇಷ್ಟು ವರ್ಷ ಫೋಟೋ ತೆಗ್ದಿದೀನಿ, ಈ ಮನುಷ್ಯನ್ನ ಒಂದ್ಸಲಾನೂ ತೆಗ್ದಿಲ್ವಲ್ಲ! ಕರೀರಿ ಅವನನ್ನ. ಬಾಲ್ತಜಾರನ ಜಾಗದಲ್ಲಿ ಇವನನ್ನೇ ನಿಲ್ಲಿಸ್ತೀನಿ."

ಸೆಫೆರಿನೊ ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು, ಹೆಂಡತಿ ಓಲಿಂಡಾಳ ಜೊತೆಗೆ ಇಗರ್ಜಿಯ ಮೆಟ್ಟಿಲ ಹತ್ತಿರ ಬಂದ. ಮಾತೆಲ್ಲ ಓಲಿಂಡಾಳದೇ.

"ವರ್ಷಾ ವರ್ಷಾ ಬ್ಯಾಂಡಿನ ಫೋಟೋನ ನಮ್ಮಕ್ಕನಿಗೆ ಕಳಿಸ್ತೀನಿ ಕಣ್ರೀ. ಟೋಪಿ ಮೇಲೊಂದು ಬಾಣ ಹಾಕಿ, ಇವರೇ ನಮ್ಮ ಯಜಮಾನ್ರು ಅಂತ ಬರೀತೀನಿ. ನಿನ್ನ ಗಂಡನಿಗೆ ಮುಖ ಅನ್ನೋದು ಇದೆಯೇನೇ ಅಂತ ಅವಳು ಕೇಳ್ತಾಳೆ."

ಡೋಲನ್ನು ಸೆಫೆರಿನೊನ ಕೊರಳಿಗೆ ಹಾಕಿದೆವು. ಡೋಲಿನ ಮೇಲೆ ಎರಡು ಕಣ್ಣು, ಒಂದು ಟೋಪಿ ಬಿಟ್ಟರೆ ಏನೂ ಕಾಣಲಿಲ್ಲ. ವೈನಿನ ಪೆಟ್ಟಿಗೆ ತಂದು ಅದರ ಮೇಲೆ ಹತ್ತಿಸಿದೆವು. ಈಗ ಗಲ್ಲದವರೆಗೆ ಕಂಡ. ಆದರೆ ಗ್ರಾಸಿಂಡಾ ಕ್ಯಾಮೆರಾ ಎತ್ತಿದಾಗಲೆಲ್ಲ ಅವನು ಎಡಕ್ಕೆ ವಾಲಿಬಿಡುತ್ತಿದ್ದ.

"ನೆಟ್ಟಗೆ ನಿಂತ್ಕೊಳೋ ಮಾರಾಯ!"

"ನೆಟ್ಟಗೆ ನಿಂತ್ರೆ ಮೇಷ್ಟ್ರು ಕಾಣ್ಸಲ್ವಲ್ಲ ಅಕ್ಕಾ."

"ಈಗ ನಿನ್ನ ಮುಂದೆ ಯಾರಿದಾರೆ? ಸರಿಯಾಗಿ ನೋಡು."

ಸೆಫೆರಿನೊ ನೋಡಿದ. ಮುಂದೆ ಇಡೀ ಚೌಕ ಖಾಲಿ ಬಿದ್ದಿತ್ತು. ಕಾರಂಜಿ, ಬೇಕರಿ, ಬಸ್ಸಿಗೆ ಕಾಯುತ್ತ ಕೂತ ಮುದುಕರು, ಅದರಾಚೆ ನದಿ. ಬೆನ್ನು ನೆಟ್ಟಗೆ ಮಾಡಿಕೊಂಡು ಬಾಯಿ ತುಂಬ ನಕ್ಕ. ಗ್ರಾಸಿಂಡಾ ಅದನ್ನೇ ಹಿಡಿದು, ಹಳೇ ಫೋಟೋದಲ್ಲಿ ಬಾಲ್ತಜಾರನ ಜಾಗಕ್ಕೆ ಕೂರಿಸಿದಳು.

ಪೋಸ್ಟರು ಬಂತು. ಗೋಡೆ ಗೋಡೆಯಲ್ಲೂ, ಸೇತುವೆಯ ಆಚೆಗೂ ಅಂಟಿಸಿದರು. ನಾವೆಲ್ಲ ಅದರಲ್ಲಿ ಸಾವಿನ ಮನೆಗೆ ಹೊರಟವರ ಹಾಗೆ ಮುಖ ಮಾಡಿದ್ದೆವು. ನಡುವೆ ಸೆಫೆರಿನೊ ಹಲ್ಲೆಲ್ಲ ಬಿಟ್ಟು ನಗುತ್ತಿದ್ದ. ಗಿಣ್ಣು ಮಾರಲು ಹೋದಲ್ಲೆಲ್ಲ ಜನ ಅವನ ಬೆನ್ನು ತಟ್ಟಿದರು. "ಡೋಲು ನಿನ್ನ ಪಾಲಿಗೇ ಬಂತಂತಲ್ಲೋ!" ಮೊದಮೊದಲು ಅವನು, "ಇಲ್ಲಪ್ಪ, ಬರೀ ಫೋಟೋಗೆ" ಅನ್ನುತ್ತಿದ್ದ. ಆಮೇಲಾಮೇಲೆ ಅನ್ನುವುದನ್ನು ಬಿಟ್ಟ.

ಮೇಷ್ಟ್ರು ಹಬ್ಬಕ್ಕೆಂದು ಬೇರೆ ಊರಿಂದ ಒಬ್ಬ ಡೋಲಿನವನನ್ನು ಗೊತ್ತುಮಾಡಿದ್ದರು. ಸುದ್ದಿ ತಿಳಿದ ಓಲಿಂಡಾ ನೇರವಾಗಿ ತಾಲೀಮಿಗೇ ಬಂದಳು. "ಪೋಸ್ಟರಲ್ಲಿ ಇರೋನೊಬ್ಬ, ಬಾರಿಸೋನು ಇನ್ನೊಬ್ಬ ಆದ್ರೆ ನೋಡಿದೋರು ಏನಂತಾರೆ ಮೇಷ್ಟ್ರೇ? ಆ ಊರಲ್ಲಿ ಮನುಷ್ಯರನ್ನೇ ಅದಲು ಬದಲು ಮಾಡ್ತಾರೆ ಅನ್ನಲ್ವಾ?" ಹಾಗಾದರೆ ಬಾರಿಸಿ ತೋರಿಸಲಿ ಅಂದರು ಮೇಷ್ಟ್ರು. ತಾಲೀಮಿನಲ್ಲಿ ಡೋಲನ್ನು ಸ್ಟ್ಯಾಂಡಿನ ಮೇಲಿಟ್ಟು ಸೆಫೆರಿನೊ ಚೆನ್ನಾಗಿಯೇ ಬಾರಿಸಿದ. ಆಗಲಿ ಅಂದರು.

ಹಬ್ಬದ ದಿನ ಕೆಂಡದಂಥ ಬಿಸಿಲು. ಮೆರವಣಿಗೆ ಹೊರಟಿತು. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ತೊಂದರೆ ಗೊತ್ತಾಯಿತು. ಕೊರಳಿಗೆ ಡೋಲು ಹಾಕಿಕೊಂಡರೆ ಸೆಫೆರಿನೊಗೆ ನೆಲವೇ ಕಾಣುತ್ತಿರಲಿಲ್ಲ. ನಮ್ಮ ಬೀದಿಯೋ ಉರುಟು ಕಲ್ಲಿನದು. ಅವನು ಕಾಲಲ್ಲಿ ತಡವಿ, ಕಲ್ಲು ಸಿಕ್ಕ ಮೇಲೆ ಹೆಜ್ಜೆ ಊರಿ, ಆಮೇಲೆ ಒಂದು ಏಟು ಹಾಕುತ್ತಿದ್ದ. ಢಂ. ಎಲ್ಲರೂ ಕಾಯುವುದು. ಢಂ. ನನ್ನ ಉಸಿರೆಲ್ಲ ಒಂದೇ ಸ್ವರಕ್ಕೆ ಖರ್ಚಾಗಿ ಕಣ್ಣು ಕತ್ತಲೆ ಬಂತು.

"ಸೆಫೆರಿನೊ, ಸಂತನೇ ಬೆವರ್ತಿದಾನೆ ಕಣೋ!" ಮೂರ್ತಿ ಹೊತ್ತವರು ಹಿಂದಿನಿಂದ ಕೂಗಿದರು.

ಬೇಕರಿಯ ಮೂಲೆಯಲ್ಲಿ ಬಾಲ್ತಜಾರ್ ಕೈಕಟ್ಟಿಕೊಂಡು ನಿಂತಿದ್ದ. ಬರೀ ಬೂತಾಯಿ ಮೀನು ತಿನ್ನಲು ಬಂದೆ ಅಂತ ಆಮೇಲೆ ಹೇಳಿದ. ಆ ಬಡಿತ ಕೇಳಿ ಅವನ ಮುಖ ಕೆಂಪಾಗುತ್ತ ಹೋಯಿತು. ಮೊದಲು ಕಾಲು ಕುಟ್ಟಿದ. ಆಮೇಲೆ ಮೆರವಣಿಗೆಯ ಪಕ್ಕದಲ್ಲೇ ನಡೆಯತೊಡಗಿದ. ಕೊನೆಗೆ ತಡೆಯಲಾರದೆ ಬಾಯಿ ಬಿಟ್ಟ.

"ಬೇಗ ಬಡಿಯೋ!"

"ಕಾಲು ಕಾಣ್ತಿಲ್ಲಣ್ಣಾ!"

"ಮುಂದೆ ಸಪಾಟಿದೆ, ಬಾ. ಎಡಕ್ಕೆ ಸ್ವಲ್ಪ. ಅಲ್ಲಿ ಗುಂಡಿ! ಗುಂಡಿ ಅಂದೆ!"

ಇಳಿಜಾರಿನ ತಲೆಯಲ್ಲಿ ಸೆಫೆರಿನೊ ನಿಂತುಬಿಟ್ಟ. ಅವನ ಹಿಂದೆ ಬ್ಯಾಂಡು, ಪಾದ್ರಿಗಳು, ಸಂತ, ಇಡೀ ಊರು ನಿಂತಿತು. "ಹಿಡ್ಕೊಳಣ್ಣ. ಕತ್ತು ಬಿದ್ದೋಯ್ತು," ಎಂದು ಡೋಲಿನ ಪಟ್ಟಿ ಕಳಚಿದ.

ಬಾಲ್ತಜಾರ್ ಕೈ ಚಾಚಲಿಲ್ಲ. ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಮೂರ್ತಿ ಹೊತ್ತವರ ಮುಖ ನೋಡಿದರು. ಆ ಮುಖಗಳಲ್ಲಿ ಭಕ್ತಿಯ ಲವಲೇಶವೂ ಉಳಿದಿರಲಿಲ್ಲ.

"ಓಡಿಸಲ್ಲ ತಾನೇ?" ಅಂದರು ಮೇಷ್ಟ್ರು.

"ನೀವು ನಿದ್ದೆ ಮಾಡಲ್ಲ ತಾನೇ?"

ಮೇಷ್ಟ್ರು ಕೈ ಎತ್ತಿದರು. ಬಾಲ್ತಜಾರ್ ಚೌಕಳಿ ಅಂಗಿಯ ಮೇಲೇ ಡೋಲು ಏರಿಸಿಕೊಂಡ. ಓಲಿಂಡಾ ಚೀಲದಿಂದ ಕ್ಲಾರಿನೆಟ್ಟು ತೆಗೆದುಕೊಟ್ಟಳು. ಸೆಫೆರಿನೊ ಅದನ್ನು ತೆಗೆದುಕೊಂಡು ಅಭ್ಯಾಸದಂತೆ ಬಾಲ್ತಜಾರನ ಹಿಂದಕ್ಕೆ ಹೊರಟ.

"ಅಲ್ಲಿಗೆ ಹೋದ್ರೆ ರಾತ್ರಿ ಮನೆಗೆ ಬರಬೇಡಿ," ಅಂದಳು ಓಲಿಂಡಾ.

ಬಾಲ್ತಜಾರ್ ತಿರುಗಿದ. "ಇಷ್ಟು ವರ್ಷ ನನ್ನ ಹಿಂದೆ ಇದ್ದದ್ದು ನೀನಾ? ನನಗೇನಯ್ಯ ಗೊತ್ತು, ಬೆನ್ನಿಗೆ ಕಣ್ಣಿದೆಯಾ? ಬಾ, ಪಕ್ಕದಲ್ಲಿ ನಡಿ."

ಮೆರವಣಿಗೆ ಇಳಿಜಾರಿನಲ್ಲಿ ಚೆಂದವಾಗಿ ಇಳಿಯಿತು. ಓಡಲಿಲ್ಲ, ತೆವಳಲೂ ಇಲ್ಲ.

ಸಂಜೆ ಚೌಕದಲ್ಲಿ ಉದ್ದಕ್ಕೆ ಮೇಜು ಹಾಕಿ, ಬೂತಾಯಿ ಸುಟ್ಟು, ವೈನು ಹಂಚಿದರು. ಬಾಲ್ತಜಾರ್ ಮರಕ್ಕೆ ಅಂಟಿಸಿದ ಪೋಸ್ಟರಿನ ಮುಂದೆ ಬಹಳ ಹೊತ್ತು ನಿಂತಿದ್ದು ನಮ್ಮ ಮೇಜಿಗೆ ಬಂದ. ಗ್ರಾಸಿಂಡಾ ಏನಂತಾನೋ ಎಂದು ತಟ್ಟೆ ನೋಡುತ್ತ ಕೂತಿದ್ದಳು.

"ಗ್ರಾಸಿಂಡಾ, ನನ್ನ ಹೊಟ್ಟೆ ಎಲ್ಲಿಟ್ಟೆ ಹೇಳು. ಡಾಕ್ಟರ ಕೈಲಿ ಆಗದ್ದನ್ನ ನೀನು ಗುಂಡಿ ಒತ್ತಿ ಮಾಡಿದ್ಯಲ್ಲೇ!"

"ಆ ಜಾಗಕ್ಕೆ ಮೆಟ್ಟಿಲು ಕಟ್ಟಿ ಕಟ್ಟಿ ನನ್ನ ಕಣ್ಣು ಬಿದ್ದೋಯ್ತು, ಗೊತ್ತಾ?" ಅಂದಳು ಅವಳೂ ಬಿಡದೆ.

"ಆಚೆ ದಡದೋರಿಗೆ ಏನು ಹೇಳ್ತೀಯಪ್ಪ?" ಎಂದು ನಾನು ಕೇಳಿದೆ.

ಬಾಲ್ತಜಾರ್ ಮೀನಿನ ಮುಳ್ಳು ಬಿಡಿಸುತ್ತ ದನಿ ತಗ್ಗಿಸಿದ. "ಅಲ್ಲಿ ಡೋಲಿಗೆ ಮೊದಲೇ ಒಬ್ಬ ಇದಾನೆ. ನನ್ನ ಕೈಗೆ ತಾಳ ಕೊಟ್ಟಿದ್ರು. ತಾಳ!"

ಪಕ್ಕದ ಮೇಜಿನಲ್ಲಿ ಮೇಷ್ಟ್ರು ಮೂಗಿಗೆ ವೈನು ಏರಿಸಿಕೊಂಡು ಕೆಮ್ಮಿದರು. ಈಸ್ಟರಿನಿಂದೀಚೆಗೆ ಅವರು ನಕ್ಕದ್ದು ಅವತ್ತೇ. ಕಣ್ಣೊರೆಸಿಕೊಂಡು ಬಂದು ಬಾಲ್ತಜಾರನ ಲೋಟ ತುಂಬಿಸಿ, ಗ್ರಾಸಿಂಡಾಳ ಕಡೆ ಬಗ್ಗಿದರು.

"ಬ್ಯಾಂಡ್ ಮನೇಲಿ ತೂಗುಹಾಕೋಕೆ ಒಂದು ದೊಡ್ಡ ಪ್ರತಿ ಬೇಕಮ್ಮ. ಅದರಲ್ಲಿ ಇವನನ್ನ ವಾಪಸು ಹಾಕೋಕಾಗುತ್ತಾ?"

"ಅದಕ್ಕೇನು, ಹಾಕ್ತೀನಿ. ಆದ್ರೆ ಇವನು ಬಂದ್ರೆ ಸೆಫೆರಿನೊ ಹೋಗ್ತಾನೆ."

ನಾವೆಲ್ಲ ತಿರುಗಿ ನೋಡಿದೆವು. ಕಾರಂಜಿಯ ಹತ್ತಿರ ಸೆಫೆರಿನೊ ಓಲಿಂಡಾಳ ಸೊಂಟ ಹಿಡಿದು ಕುಣಿಯುತ್ತಿದ್ದ. ಟೋಪಿ ಹಿಂದಕ್ಕೆ ಜಾರಿತ್ತು. ದಾರಿಯಲ್ಲಿ ಹೋಗುವವರೆಲ್ಲ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದರು.

ಬಾಲ್ತಜಾರ್ ಸ್ವಲ್ಪ ಹೊತ್ತು ಅಗಿಯುವುದನ್ನು ನಿಲ್ಲಿಸಿದ.

"ಬಿಡಿ ಮೇಷ್ಟ್ರೇ, ಅವನೇ ಇರ್ಲಿ," ಅಂದ. ಆಮೇಲೆ ಬೆರಳು ನೆಕ್ಕಿಕೊಂಡು, ಇನ್ನೊಂದು ತಟ್ಟೆ ಮೀನು ತರಲು ಒಲೆಯ ಕಡೆ ಎದ್ದು ಹೋದ.