ತಟ್ಟದೆ ಹಾಕಿದ ಸೀಲು

ಹಡಗು ಒಂದು ದಿನ ಸುಮ್ಮನೆ ನಿಂತರೆ ಆಗುವ ಖರ್ಚು ಅಳಿಯನ ಹನ್ನೊಂದು ವರ್ಷದ ಸಂಬಳ. ಕಂಟೇನರಿನ ಬಾಗಿಲಿಗೆ ಹಾಕುವ ಸೀಲಿನ ಬೆಲೆ ಎರಡು ಲೋಟ ಚಹಾದಷ್ಟು. ಹಾಕಿದ ಸೀಲನ್ನು ಹೇಳದೆ ಕೇಳದೆ ಒಡೆದರೆ ಕೆಲಸವೇ ಹೋಗುತ್ತದೆ. ಮಾವನ ಹೆಣಕ್ಕೆ ಹೆಗಲು ಕೊಡಲು ಬಗ್ಗಿದಾಗಲೂ ಅಳಿಯನ ತಲೆಯಲ್ಲಿ ಇದೇ ಸುತ್ತುತ್ತಿತ್ತು. ಬೆಳಿಗ್ಗೆ ಹದಿನಾಲ್ಕು ಕಂಟೇನರುಗಳಿಗೆ ಸೀಲು ಹಾಕಿ ಓಡಿ ಬಂದಿದ್ದ. ಮಾವ ಕಲಿಸಿದಂತೆ ಒಂದರ ಬಾಗಿಲನ್ನೂ ತಟ್ಟಿರಲಿಲ್ಲ.

"ನಿಧಾನ ಕಣ್ರೋ, ಚೌಕಟ್ಟಿಗೆ ತಾಗತ್ತೆ," ಎಂದ ಕ್ರೇನಿನವನು. "ಮೂವತ್ತೊಂದು ವರ್ಷ ಬಾಗಿಲು ತಟ್ಟಿದ್ರು ನಮ್ಮ ತಟ್ಟಪ್ಪ. ಒಳಗಿಂದ ಒಬ್ಬರಾದ್ರೂ 'ಯಾರದು' ಅಂದ್ರಾ ಪಾಪ!"

ಬಂದರಿನವರೆಲ್ಲ ಮೆಲ್ಲಗೆ ನಕ್ಕರು. ಅಷ್ಟರಲ್ಲಿ ಒಬ್ಬ ಹೆಂಗಸು ಮೆಟ್ಟಿಲ ಬಳಿ ಬಂದು ನಿಂತಳು. ಲೋಡಿಂಗ್ ಕೆಲಸದ ನಿದ್ದೆರಾಯನ ಹೆಂಡತಿ.

"ಅಣ್ಣಾ, ನಮ್ಮವರು ಇಲ್ಲಿಗೆ ಬಂದ್ರಾ? ಲೋಡಿಂಗ್ ಮುಗಿಸಿ ನೇರ ಇಲ್ಲಿಗೇ ಬರ್ತೀನಿ ಅಂದಿದ್ರು."

"ಎಲ್ಲೋ ಬಿದ್ಕೊಂಡಿರ್ತಾನೆ ಬಿಡಮ್ಮ. ಅವನಿಗೆ ನಿಂತಲ್ಲೇ ನಿದ್ದೆ. ಫೋನ್ ಮಾಡು."

"ಆರು ಗಂಟೆಯಿಂದ ಮಾಡ್ತಿದೀನಿ. ಸಿಗ್ತಾನೇ ಇಲ್ಲ."

ಕಬ್ಬಿಣದ ಡಬ್ಬದೊಳಗೆ ಫೋನು ಸಿಗುವುದಿಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅಳಿಯ ಹಿಡಿದಿದ್ದ ಚಟ್ಟದ ಬಿದಿರು ಜಾರಿತು.

* * *

ಒಮ್ಮೆ ಕಚೇರಿಯಿಂದ ಒಬ್ಬ ಅಧಿಕಾರಿ ಗಡಿಯಾರ ಹಿಡಿದು ಬಂದು ಇಡೀ ದಿನ ಮಾವನ ಹಿಂದೆಯೇ ಸುತ್ತಿದ್ದ. ಮಾವ ಪ್ರತಿ ಕಂಟೇನರಿಗೂ ಮೂರು ಸಲ ತಟ್ಟಿ, ಬಾಗಿಲಿಗೆ ಕಿವಿಯಿಟ್ಟು, ಆಮೇಲೆ ಸೀಲು ಹಾಕುತ್ತಿದ್ದರು.

"ಒಂದಕ್ಕೆ ಅರ್ಧ ನಿಮಿಷ, ದಿನಕ್ಕೆ ನೂರು. ಐವತ್ತು ನಿಮಿಷ ತಟ್ಟೋದಕ್ಕೇ ಹೋಯ್ತಲ್ಲ ಯಜಮಾನ್ರೇ?"

"ತಟ್ಟೋದಕ್ಕೆ ಮೂರೇ ಸೆಕೆಂಡು ಸಾರ್. ಮಿಕ್ಕಿದ್ದು ಕಿವಿ ಕೊಡೋದಕ್ಕೆ."

"ಇಷ್ಟು ವರ್ಷದಲ್ಲಿ ಯಾರಾದ್ರೂ ಸಿಕ್ಕಿದ್ರಾ?"

"ಇಲ್ಲ."

"ಮತ್ತೆ?"

"ಯಾರೂ ಇಲ್ಲ ಅಂತ ಗೊತ್ತಾಗಿದ್ದೇ ತಟ್ಟಿದ್ದಕ್ಕೆ ಸಾರ್."

ಅಧಿಕಾರಿ ಬರೆದುಕೊಂಡು ಹೋದ. ಮರುವಾರ ತಟ್ಟಕೂಡದೆಂದು ಕಾಗದ ಬಂತು. ಮಾವ ಅದನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿ, ಊಟದ ಹೊತ್ತನ್ನು ಬಿಟ್ಟುಕೊಟ್ಟು ತಟ್ಟುವುದನ್ನು ಮುಂದುವರಿಸಿದರು. ಆ ಡಬ್ಬಗಳಲ್ಲಿ ಹೋಗುತ್ತಿದ್ದದ್ದು ಚಪ್ಪಲಿ. ಅಟ್ಟೆ ಒಂದು ದೇಶದ್ದು, ಬಾರು ಇನ್ನೊಂದು ದೇಶದ್ದು, ಹೊಲಿಗೆ ಇಲ್ಲಿಯದು, ಹಾಕಿಕೊಳ್ಳುವ ಕಾಲು ಮತ್ತೆಲ್ಲಿಯದೋ. ಒಮ್ಮೆ ಹಾಕಿದ ಸೀಲಿನ ಸಂಖ್ಯೆ ನಾಲ್ಕು ಬಂದರುಗಳ ಕಾಗದದಲ್ಲಿ ದಾಖಲಾಗುತ್ತಿತ್ತು. ಆ ಬಾಗಿಲು ಮತ್ತೆ ತೆರೆಯುವುದು ಇಪ್ಪತ್ತಾರು ದಿನದ ಮೇಲೆ.

* * *

"ಅತ್ತೆ," ಎಂದ ಅಳಿಯ. "ಇವತ್ತು ನಾನು ತಟ್ಟಲಿಲ್ಲ. ಬೇಗ ಬರೋಣ ಅಂತ..."

ಅತ್ತೆ ತಲೆಯೆತ್ತಿದರು. "ಎಷ್ಟು ಡಬ್ಬ?"

"ಹದಿನಾಲ್ಕು."

"ಹಡಗು ಎಷ್ಟೊತ್ತಿಗೆ?"

"ಹನ್ನೆರಡಕ್ಕೆ."

ಗೋಡೆಯ ಗಡಿಯಾರದಲ್ಲಿ ಹನ್ನೊಂದು ದಾಟಿತ್ತು. ಅಳಿಯನ ಹೆಂಡತಿ ಅವನ ತೋಳು ಹಿಡಿದಳು. "ಅವರು ಬೇರೆಲ್ಲೋ ಮಲಗಿದ್ರೆ? ಸುಮ್ಮನೆ ಸೀಲು ಒಡೆದ್ರೆ ನಾಳೆಯಿಂದ ನಾವೇನ್ ಮಾಡೋದು ರೀ?"

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮೆಟ್ಟಿಲ ಬಳಿ ನಿಂತವಳೂ ಅದನ್ನು ಕೇಳಿಸಿಕೊಂಡಳು.

"ಇವರನ್ನ ಕೆಳಗಿಡಿ," ಎಂದರು ಅತ್ತೆ, ಹೆಣ ಹೊತ್ತವರ ಕಡೆ ತಿರುಗಿ. "ಇವರಿಗೇನೂ ಅವಸರ ಇಲ್ಲ. ಹೋಗಪ್ಪಾ, ಓಡು."

* * *

ಬಂದರಿನಲ್ಲಿ ಹದಿನಾಲ್ಕೂ ಇನ್ನೂ ನೆಲದ ಮೇಲೇ ಇದ್ದವು. ಬಿಸಿಲಿಗೆ ತಗಡು ಕಾದು, ಕೈಯಿಟ್ಟರೆ ಸುಡುತ್ತಿತ್ತು.

"ಒಳಗಿದಾನೆ ಅಂತ ಖಾತ್ರಿನಾ?" ಕೇಳಿದ ಸೂಪರ್‌ವೈಸರ್.

"ಇಲ್ಲ ಸಾರ್. ಐದು ನಿಮಿಷ ಕ್ರೇನ್ ನಿಲ್ಸಿ. ಈ ಗದ್ದಲದಲ್ಲಿ ಏನೂ ಕೇಳಿಸಲ್ಲ."

ಜೊತೆಗೆ ಬಂದಿದ್ದ ಕ್ರೇನಿನವನು ಯಾರ ಅಪ್ಪಣೆಗೂ ಕಾಯದೆ ಮೇಲಿದ್ದವನಿಗೆ ಕೈಸನ್ನೆ ಮಾಡಿದ. ಎಲ್ಲ ಸದ್ದೂ ಅಡಗಿತು. ಅಳಿಯ ಒಂದೊಂದೇ ಬಾಗಿಲು ತಟ್ಟಿ ಕಿವಿಯಿಟ್ಟ. ಏನಿಲ್ಲ. ಮುಂದಿನದು. ಏನಿಲ್ಲ. ಹದಿನಾಲ್ಕನೆಯದರ ಬಾಗಿಲಿಗೆ ತಾಗಿ ಕೆನ್ನೆ ಚುರ್ರೆಂದಿತು. ಒಳಗಿನಿಂದ ಒಂದು ಉಸಿರೂ ಇಲ್ಲ.

"ನೋಡಿದ್ಯಾ? ಯಾರೂ ಇಲ್ಲ. ಕ್ರೇನ್ ಬಿಡ್ರೋ!" ಎಂದ ಸೂಪರ್‌ವೈಸರ್.

ಬೆಳಿಗ್ಗೆಯಾಗಿದ್ದರೆ ತಟ್ಟಿದ ಸದ್ದಿಗೆ ನಿದ್ದೆ ಹರಿಯುತ್ತಿತ್ತು. ಐದು ಗಂಟೆ ಹೊತ್ತು ಬೆಂದವನು ಉತ್ತರ ಕೊಡುತ್ತಾನೆಯೇ? ಅಳಿಯ ಅದನ್ನೇ ಯೋಚಿಸುತ್ತ ನಿಂತ.

"ನಿದ್ದೆರಾಯನ ತಂಡ ತುಂಬಿದ್ದು ಯಾವುದು?" ಎಂದು ಕೂಗಿದ.

"ಕೊನೇ ಎರಡು!" ಎಂದ ಲೋಡಿಂಗಿನವನೊಬ್ಬ.

ಅಳಿಯ ಸೀಲು ಕತ್ತರಿಸುವ ದೊಡ್ಡ ಕತ್ತರಿ ತಂದ. ಸೂಪರ್‌ವೈಸರ್ ಅಡ್ಡ ಬರಲಿಲ್ಲ. ಫೋನ್ ತೆಗೆದು ಫೋಟೋ ಹಿಡಿಯತೊಡಗಿದ. ಹದಿಮೂರನೆಯದರ ಬಾಗಿಲು ತೆರೆದರೆ ಚಾವಣಿಯವರೆಗೂ ರಟ್ಟಿನ ಪೆಟ್ಟಿಗೆಗಳು, ಹೊಸ ಚಪ್ಪಲಿಯ ವಾಸನೆ. ಅಷ್ಟೇ. ಒಂದು ಸೀಲು ದಂಡವಾಯಿತು. ಹದಿನಾಲ್ಕನೆಯದಕ್ಕೆ ಕತ್ತರಿ ಹಾಕುವಾಗ ಕ್ರೇನಿನವನೂ ಹಿಡಿಕೆಗೆ ಕೈ ಕೊಟ್ಟ.

ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಬಾಗಿಲ ಹಿಂದೆಯೇ, ಎರಡು ಪೆಟ್ಟಿಗೆಗಳ ಸಂದಿಯಲ್ಲಿ, ಒಂದು ಬರಿಗಾಲು.

* * *

ಅಳಿಯ ಮನೆಗೆ ಬಂದಾಗ ನಾಲ್ಕು ಗಂಟೆ. ಅತ್ತೆ ಹೆಣದ ತಲೆಯ ಬಳಿ ಕೂತು ನೊಣ ಓಡಿಸುತ್ತಿದ್ದರು.

"ಇದ್ದನಾ?"

"ಇದ್ದ."

"ಜೀವ?"

"ಇದೆ. ಆಸ್ಪತ್ರೇಲಿ ನೀರು ಕೇಳಿದ್ನಂತೆ. ಹೆಂಡ್ತಿ ಹತ್ರ ಇದಾಳೆ."

"ನಿನ್ನ ಕೆಲಸ?"

"ಹೋಯ್ತು ಅತ್ತೆ. ಕೇಳದೆ ಸೀಲು ಒಡೆದೆ ಅಂತ ಗೇಟಲ್ಲೇ ಕಾರ್ಡು ಕಿತ್ಕೊಂಡ್ರು."

ಒಳಗಿನ ಕೋಣೆಯಲ್ಲಿ ಅವನ ಹೆಂಡತಿ ಬಿಕ್ಕಿದಳು. ಅತ್ತೆ ಆ ಕಡೆ ಒಮ್ಮೆ ನೋಡಿದರು. ಆಮೇಲೆ ನೆಲಕ್ಕೆ ಕೈಯೂರಿ ಎದ್ದು, ತಲೆಯ ಕಡೆ ಹೆಗಲು ಕೊಡಲು ಅಳಿಯನಿಗೆ ಜಾಗ ಬಿಟ್ಟರು.