ಪಾಸ್ಟರ್ ಬಿಟ್ಟುಹೋದ ಮೇಲೆ

ಆ ಭಾನುವಾರ ಬೆಳಿಗ್ಗೆ ಕೆಂಪವ್ವ ಪ್ರಾರ್ಥನೆಗೆ ಬಂದಾಗ ಬಾಗಿಲಿಗೆ ಬೀಗ ಬಿದ್ದಿತ್ತು. ಶಿಲುಬೆ ಬರೆದ ತಗಡಿನ ಬೋರ್ಡನ್ನೂ ಯಾರೋ ಕಿತ್ತಿದ್ದರು. ರಬಕವಿಯಿಂದ ಬನಹಟ್ಟಿಗೆ ಹೋಗುವ ರಸ್ತೆಯಲ್ಲಿ, ಮಗ್ಗ ಮಾರಿ ಖಾಲಿ ಬಿಟ್ಟಿದ್ದ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದು ಪಾಸ್ಟರ್ ಪ್ರೇಮಕುಮಾರ ಅಲ್ಲಿ ಪ್ರಾರ್ಥನೆ ನಡೆಸುತ್ತಿದ್ದರು. ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಕೆಂಪವ್ವ, ಗಂಡ ತೀರಿಕೊಂಡಾಗಿನಿಂದ ಒಂದು ವಾರವೂ ತಪ್ಪಿಸಿರಲಿಲ್ಲ.

ಅವಳ ಗೆಳತಿ ವಂದನಾ ಆಗಲೇ ಬಂದು ನಿಂತಿದ್ದಳು. ಪಾಸ್ಟರ ಫೋನು ಬಂದ್ ಆಗಿದೆ ಎಂದಳು. ಮತ್ತೆ ಯಾರಾದರೂ ಅವರನ್ನು ಹೊಡೆದರೇನೋ ಎಂದು ಇಬ್ಬರಿಗೂ ಗಾಬರಿಯಾಯಿತು. ಹಿಂದೆ ಬೀಳಗಿಯಲ್ಲಿ ಹಾಗಾಗಿತ್ತು. ಆಗ ತಲೆಗೆ ಹೊಲಿಗೆ ಹಾಕಿಸಿಕೊಂಡು ನೇರ ಇಲ್ಲಿಗೇ ಬಂದು, ಹೊಡೆದವರಿಗಾಗಿ ಮೊಣಕಾಲೂರಿ ಪ್ರಾರ್ಥಿಸಿದ್ದ ಮನುಷ್ಯ ಅವರು.

ಅಷ್ಟರಲ್ಲಿ ಕೆಂಪವ್ವನ ಅಣ್ಣ ದುರಗೇಶ ಬೈಕಿನಲ್ಲಿ ಬಂದ. ತಂಗಿ ಯೇಸುವನ್ನು ನಂಬಿದ್ದು ಅವನಿಗೆ ಎಂದೂ ಸರಿಬಂದಿರಲಿಲ್ಲ. ಮೊಬೈಲನ್ನು ಅವಳ ಮುಖಕ್ಕೆ ಹಿಡಿದ. ವಿಡಿಯೊದಲ್ಲಿ ಪ್ರೇಮಕುಮಾರ ಜನರ ನಡುವೆ ಕೈಕಟ್ಟಿ ನಿಂತಿದ್ದರು. ತಾನು ಮಂದಿಯ ದಾರಿ ತಪ್ಪಿಸಿದೆ, ಯೇಸುವಿನ ಹೆಸರನ್ನು ಇನ್ನು ಎತ್ತುವುದಿಲ್ಲ ಎನ್ನುತ್ತಿದ್ದರು. ದನಿ ನಡುಗುತ್ತಿರಲಿಲ್ಲ. ಮೈಮೇಲೆ ಗಾಯವೂ ಇರಲಿಲ್ಲ.

ವಂದನಾ ರಸ್ತೆಯ ಬದಿಯಲ್ಲೇ ಕುಸಿದು ಕುಳಿತಳು. ಹಿಂದೆ ಬಂದು ನಿಂತಿದ್ದ ಉಳಿದವರು ವಿಡಿಯೊ ನೋಡಿ, ಒಬ್ಬರ ಮುಖ ಒಬ್ಬರು ನೋಡದೆ ಹೊರಟುಹೋದರು.

“ನಿಮ್ಮ ಗುರುನ ಯೇಸುನ್ನ ಬಿಟ್ಟ,” ಎಂದ ದುರಗೇಶ. “ಇನ್ನ ನೀ ಯಾರ ಸಲುವಾಗಿ ಹಿಡಕೊಂಡ ಕುಂದರತಿ?”

ಕೆಂಪವ್ವ ಜಮಖಂಡಿಯ ಬಸ್ಸು ಹತ್ತಿದಳು. ಅಲ್ಲಿಂದ ಸಾವಳಗಿಗೆ ಹೋದಳು. ಪ್ರೇಮಕುಮಾರರ ಹೆಂಡತಿಯ ತವರು ಅಲ್ಲಿತ್ತು. ಎಣಿಸಿದಂತೆ ಪಾಸ್ಟರು ಅಂಗಳದಲ್ಲೇ ಇದ್ದರು. ಇವಳನ್ನು ಕಂಡದ್ದೇ ತಲೆ ತಗ್ಗಿಸಿದರು. ವಿಡಿಯೊ ಸುಳ್ಳು ಎಂಬ ಒಂದು ಮಾತಿಗಾಗಿ ಅವಳು ಕಾದಳು. ಅದು ಬರಲಿಲ್ಲ.

“ಹೊಡತಾ ತಿನ್ನೂದು ನನಗ ಗೊತ್ತಿತ್ತವ್ವಾ,” ಎಂದರು ಕಡೆಗೆ. “ಮಗಳು ಕಾಲೇಜಿಗೆ ಹೋಗೂ ದಾರ್ಯಾಗ ಆ ಮಂದಿ ದಿನಾ ನಿಂದರಾಕತ್ತರು. ಅದನ್ನ ತಡಕೊಳ್ಳಾಕ ಆಗಲಿಲ್ಲ. ನನ್ನ ಮಾತು ಕೇಳಿ ಬಂದಾಕಿ ನೀ. ಈಗ ನಾನ ಹೇಳತೇನಿ, ನೀನೂ ಬಿಟ್ಟಬಿಡು.”

ವಿಡಿಯೊ ನೋಡಿದಾಗಲೂ ಕೆಂಪವ್ವನಿಗೆ ಇಷ್ಟು ನೋವಾಗಿರಲಿಲ್ಲ. ಕೃಷ್ಣೆಯ ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಟ್ಟವರ ಬಾಯಿಯೇ ಈ ಮಾತಾಡಿತ್ತು.

“ನೀವು ಹೇಳಿದ್ರಿ ಅಂತ ಕೇಳಿದ್ದು ಖರೆರಿ,” ಎಂದಳು. “ಆದರ ನನ್ನ ಗಂಡ ಸತ್ತಾಗ ನನ್ನ ಹಿಡದಾಂವ ನೀವಲ್ಲ. ಅಂವನ್ನ ನಾ ಹೆಂಗ ಬಿಡಲಿ?”

ಪ್ರೇಮಕುಮಾರ ಮುಖ ಮುಚ್ಚಿಕೊಂಡರು. ನಾಲ್ಕು ಜನರೆದುರು ಎಂದೂ ಬಾಯಿಬಿಟ್ಟು ಪ್ರಾರ್ಥಿಸದ ಕೆಂಪವ್ವ, ಆ ಅಂಗಳದಲ್ಲೇ ನಿಂತು ಅವರಿಗಾಗಿ, ಅವರ ಮಗಳಿಗಾಗಿ ಪ್ರಾರ್ಥಿಸಿದಳು. ಮಾತುಗಳು ತಡವರಿಸಿದವು, ಅರ್ಧಕ್ಕೆ ನಿಂತವು. ಒಳಗಿನಿಂದ ಯಾರೂ ಹೊರಗೆ ಬರಲಿಲ್ಲ.

ಮುಂದಿನ ಭಾನುವಾರ ಅವಳು ತನ್ನ ಮನೆಯಲ್ಲೇ ಪ್ರಾರ್ಥನೆಗೆ ಚಾಪೆ ಹಾಸಿದಳು. ಸುದ್ದಿ ತಿಳಿದು ದುರಗೇಶ ಬಾಗಿಲಿಗೆ ಬಂದ. ಇದು ನಡೆದರೆ ತನ್ನ ಮಗಳ ಮದುವೆಗೆ ಅವಳು ಕಾಲಿಡಕೂಡದು ಎಂದ. ಕೆಂಪವ್ವ ಎತ್ತಿ ಆಡಿಸಿ ಬೆಳೆಸಿದ ಕೂಸು ಅದು. ಆದರೂ ಚಾಪೆಯನ್ನು ಅವಳು ಮಡಚಲಿಲ್ಲ. ಅವನು ಹೋದ ಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ವಂದನಾ ಬಂದಳು.

ಮದುವೆ ಅವಳಿಲ್ಲದೆ ಆಗಿಹೋಯಿತು. ಪ್ರೇಮಕುಮಾರ ಮರಳಿ ಬರಲಿಲ್ಲ. ಈಗ ಕೆಲವು ಭಾನುವಾರ ನಾಲ್ಕೈದು ಜನ ಸೇರುತ್ತಾರೆ, ಕೆಲವು ಭಾನುವಾರ ಇವರಿಬ್ಬರೇ. ಕೆಂಪವ್ವ ಮೊದಲು ಪಾಸ್ಟರ ಹೆಸರು ಹಿಡಿದು ಬೇಡಿಕೊಳ್ಳುತ್ತಾಳೆ. ವಂದನಾಳಿಗೆ ಅವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಹಲ್ಲು ಕಚ್ಚಿಕೊಂಡೇ ಆಮೆನ್ ಅನ್ನುತ್ತಾಳೆ.